ಮೊದಲ ವಾರ್ಡ್ ಪೋಸ್ಟಿಂಗ್ ಭಯ: ವಿಜಯಪುರದ ತಂಗಿಗೆ

ಸೋಮವಾರದಿಂದ ಮುಂಬೈನ ಪರೇಲ್ ಕಡೆ ಆಸ್ಪತ್ರೆಯಲ್ಲಿ ನರ್ಸಿಂಗ್ ವಾರ್ಡ್ ಪೋಸ್ಟಿಂಗ್ (ವಾರ್ಡಲ್ಲೇ ಕೆಲಸ ಕಲಿಯೋದು), ಮರಾಠಿ ಬರಲ್ಲ, ರಕ್ತ ಕಂಡರೆ ತಲೆ ಸುತ್ತುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ.

ಮರಾಠಿಗೆ ಹೆದರಬೇಡಿ ತಂಗಿ. ಮುಂಬೈ ವಾರ್ಡಲ್ಲಿ ಹರಕು ಮುರುಕು ಹಿಂದಿಯಲ್ಲೇ ಅರ್ಧ ಕೆಲಸ ನಡೆಯುತ್ತೆ. 'ಕುಠೇ ದುಖತಂಯ್' ಅಂತ ನೋವು ಎಲ್ಲಿ ಎಂದು ಕೇಳೋಕೆ ಬಂದರೆ ಸದ್ಯಕ್ಕೆ ಸಾಕು. ಆಯಾಗಳನ್ನು 'ಮಾವಶಿ' (ಚಿಕ್ಕಮ್ಮ) ಅನ್ನಿ. ಯಾವ ಸಾಮಾನು ಎಲ್ಲಿದೆ ಅನ್ನೋದು ಅವರಿಗೇ ಗೊತ್ತು.

ಲೋಕಲ್ ರೈಲು ಹಿಡಿಯೋ ಗಡಿಬಿಡಿಯಲ್ಲಿ ತಿಂಡಿ ಬಿಡಬೇಡಿ. ಗಾಯದ ಡ್ರೆಸ್ಸಿಂಗ್ ನೋಡುವಾಗ ಮೊಣಕಾಲು ಬಿಗಿಹಿಡಿದು ನಿಲ್ಲಬಾರದು. ಕಣ್ಣು ಕತ್ತಲೆ ಬಂತಾ, ಸಿಸ್ಟರ್‌ಗೆ ಹೇಳಿ ಕೂತುಬಿಡಿ, ಮರ್ಯಾದೆ ಏನೂ ಹೋಗಲ್ಲ.

ನಿಮಗೆ ಮೊದಲು ಸಿಗೋದು ಬೆಡ್ ಹಾಸೋದು, ವೈಟಲ್ಸ್, ಅಂದರೆ ನಾಡಿ, ಉಸಿರು ಇಂಥವನ್ನು ನೋಡೋದು. ಉಸಿರು ಎಣಿಸ್ತೀನಿ ಅಂತ ರೋಗಿಗೆ ಹೇಳಬೇಡಿ, ಹೇಳಿದ ಕೂಡಲೇ ಉಸಿರಾಟದ ಲಯ ಬದಲಾಗುತ್ತೆ. ನಾಡಿ ಎಣಿಸಿದ ಮೇಲೂ ಮಣಿಕಟ್ಟು ಬಿಡದೆ, ಪೂರ್ತಿ ಒಂದು ನಿಮಿಷ ಎದೆಯ ಏರಿಳಿತ ನೋಡಿ. ವಯಸ್ಕರಿಗೆ ವಿಶ್ರಾಂತಿಯಲ್ಲಿ ನಿಮಿಷಕ್ಕೆ ನಾಡಿ 60–100, ಉಸಿರು 12–20. ಇದರಾಚೆ ಬಂದರೆ ಮತ್ತೆ ಎಣಿಸಿ, ಬಂದದ್ದನ್ನೇ ಬರೆದು ಸಿಸ್ಟರ್‌ಗೆ ತಿಳಿಸಿ. ಎಣಿಸದೆ ಹಿಂದಿನ ಪಾಳಿಯ ಅಂಕಿಯನ್ನೇ ನೋಡಿ ಬರೆಯೋ ಚಾಳಿ ಕೆಲವರಿಗಿದೆ. ನನಗೆ ಸಿಟ್ಟು ಬರೋದು ಅದಕ್ಕೇ.

ಬಳಸಿದ ಸೂಜಿಗೆ ಮತ್ತೆ ಮುಚ್ಚಳ ಹಾಕಲೇಬೇಡಿ, ನೇರ ಬಳಸಿದ ಸೂಜಿ ಹಾಕೋ ಬಿಳಿ ಡಬ್ಬಕ್ಕೆ. ಚುಚ್ಚಿಕೊಂಡರೆ ಸೋಪು ನೀರಲ್ಲಿ ತೊಳೆದು ಆಗಲೇ ಹೇಳಿ. ಬೈಗುಳಕ್ಕೆ ಹೆದರಿ ಮುಚ್ಚಿಡಬೇಡಿ, ಎಚ್‌ಐವಿ ತಡೆ ಔಷಧಿ ಬೇಕಾದರೆ 72 ಗಂಟೆಯೊಳಗೆ ಶುರುವಾಗಬೇಕು, ಬೇಗ ಆದಷ್ಟೂ ಒಳ್ಳೇದು. ಅಂದಹಾಗೆ, ಹೆಪಟೈಟಿಸ್ ಬಿ ಲಸಿಕೆ ಹಾಕಿಸಿಕೊಂಡಿದ್ದೀರಾ? ಇಲ್ಲದಿದ್ದರೆ ಸೋಮವಾರಕ್ಕೆ ಮೊದಲೇ ಕಾಲೇಜಲ್ಲಿ ಕೇಳಿ.