ಐದು ಎಕರೆಯಲ್ಲಿ ರೇಸ್ ಕುದುರೆ ಮರಿ ಮಾಡಿಸುವ ಕಸುಬು ನಡೆಯುತ್ತದೆಯೇ?

ತುಮಕೂರು ಜಿಲ್ಲೆಯಲ್ಲಿ ಐದು ಎಕರೆ ಜಮೀನಿದೆ, ರೇಸಿನ ತಳಿಯಾದ ಥರೋಬ್ರೆಡ್ ಕುದುರೆ ಸಾಕಿ ಮರಿ ಮಾರುವವರ ದಿನ ಹೇಗಿರುತ್ತದೆ, ತಾವೂ ಇಳಿಯಬಹುದೇ ಎಂದು ಕೇಳಿದ್ದೀರಿ. ಕುಣಿಗಲ್ ಆಸುಪಾಸಿನಲ್ಲಿ ಇದೇ ನನ್ನ ಕಸುಬು. ಕುಣಿಗಲ್ ಎಂದರೆ ಜನಕ್ಕೆ ನೆನಪಾಗುವುದು ಟಿಪ್ಪುವಿನ ಕಾಲದ ನಂಟಿರುವ, ನಾನೂರು ಎಕರೆಗೂ ಮೀರಿದ ಆ ದೊಡ್ಡ ಸ್ಟಡ್ ಫಾರ್ಮ್, ಅಂದರೆ ಕುದುರೆ ಮರಿ ಮಾಡಿಸುವ ಫಾರ್ಮ್. ನನ್ನ ಬಳಿ ಇರುವುದು ಬೆರಳೆಣಿಕೆಯಷ್ಟು ತಾಯಿ ಕುದುರೆಗಳು, ಅವುಗಳ ಮರಿಗಳು ಮತ್ತು ಇಬ್ಬರು ಸೈಸ್‌ಗಳು, ಅಂದರೆ ಕುದುರೆ ನೋಡಿಕೊಳ್ಳುವ ಆಳುಗಳು. ಗಂಡು ಕುದುರೆ ಇಟ್ಟುಕೊಂಡಿಲ್ಲ.

ರೇಸಿನ ದಿನದ ಗದ್ದಲಕ್ಕೂ ನಮ್ಮ ದಿನಕ್ಕೂ ಸಂಬಂಧವೇ ಇಲ್ಲ. ನಮ್ಮ ಕೆಲಸದಲ್ಲಿ ಮುಕ್ಕಾಲು ಪಾಲು ನೋಡುವುದು. ಬೆಳಕು ಹರಿಯುವ ಮೊದಲು ಲಾಯಕ್ಕೆ ಹೋದರೆ ಮೊದಲು ಗೋದಲಿ ನೋಡುತ್ತೇನೆ: ರಾತ್ರಿ ಹಾಕಿದ್ದು ಉಳಿದಿದೆಯೇ? ಆಮೇಲೆ ಲದ್ದಿ: ಎಷ್ಟು ಬಿದ್ದಿದೆ, ಒಣಗಿದೆಯೇ, ತೆಳುವಾಗಿದೆಯೇ? ಲದ್ದಿ ಕಡಿಮೆಯಾಗಿ, ಕುದುರೆ ತನ್ನ ಪಕ್ಕೆಯನ್ನೇ ತಿರುತಿರುಗಿ ನೋಡುತ್ತಿದ್ದರೆ ಹೊಟ್ಟೆಶೂಲೆ ಶುರುವಾಗಿದೆ ಎಂದೇ ಲೆಕ್ಕ. ಕುದುರೆಗೆ ವಾಂತಿ ಆಗುವುದಿಲ್ಲ. ಒಳಗೆ ಕಟ್ಟಿಕೊಂಡದ್ದು ಪ್ರಾಣಕ್ಕೇ ಬರಬಹುದು. ಕಾಲುಗಳನ್ನು ಕೈಯಿಂದ ಸವರಿ ಬಿಸಿ ಇದೆಯೇ ಎಂದು ನೋಡಿದ ಮೇಲೆಯೇ ಬಯಲಿಗೆ ಬಿಡುವುದು. ಮಿಕ್ಕದ್ದು ಲದ್ದಿ ಬಾಚುವುದು, ನೀರು ತುಂಬುವುದು, ಕುದುರೆ ಮಸಾಲೆ (ಲೂಸರ್ನ್) ಮೇವು ಕೊಯ್ದು ತರುವುದು. ನೀವು ಹಸು ಸಾಕಿದ್ದರೆ ಅದು ಹೊಸದೇನಲ್ಲ.

ವರ್ಷದ ಲೆಕ್ಕ ಮಾತ್ರ ಬೇರೆ. ನಮ್ಮಲ್ಲಿ ಎಲ್ಲ ಮರಿಗಳಿಗೂ ದಾಖಲೆಯ ಹುಟ್ಟುಹಬ್ಬ ಜನವರಿ 1. ಡಿಸೆಂಬರ್ ಕೊನೆಯಲ್ಲಿ ಹುಟ್ಟಿದ ಮರಿ ನಾಲ್ಕೈದು ದಿನಕ್ಕೇ ಒಂದು ವರ್ಷದ್ದೆನಿಸಿಕೊಳ್ಳುತ್ತದೆ; ದೊಡ್ಡ ಮರಿಗಳ ಜೊತೆ ಓಡಬೇಕಾದ ಅದನ್ನು ಯಾರೂ ಕೊಳ್ಳುವುದಿಲ್ಲ. ಕುದುರೆ ಗಬ್ಬ ಹೊರುವುದು ಹನ್ನೊಂದು ತಿಂಗಳು. ಹಾಗಾಗಿ ಫೆಬ್ರವರಿಗೆ ಮೊದಲು ಗಂಡಿಗೆ ಬಿಡುವುದಿಲ್ಲ, ತೀರ ತಡ ಮಾಡುವುದೂ ಇಲ್ಲ. ಹಗಲು ಉದ್ದವಾದಂತೆ ಬೆದೆಗೆ ಬರುವ ಪ್ರಾಣಿ ಇದು. ಅದಕ್ಕೇ ಡಿಸೆಂಬರಿನಲ್ಲಿ ಖಾಲಿ ಇರುವ ಕುದುರೆಗಳ ಲಾಯದಲ್ಲಿ ರಾತ್ರಿಯೂ ಕೆಲವು ಗಂಟೆ ದೀಪ ಉರಿಸುತ್ತೇವೆ. ಹಸುವಿನಂತೆ ಸೂಜಿಯಲ್ಲಿ ಗಬ್ಬ ಕಟ್ಟಿಸುವಂತಿಲ್ಲ. ಕೃತಕ ಗರ್ಭಧಾರಣೆಯ ಮರಿಗೆ ಥರೋಬ್ರೆಡ್ ಎಂಬ ನೋಂದಣಿ ಜಗತ್ತಿನಲ್ಲೆಲ್ಲೂ ಸಿಗದು. ಲಾರಿ ಹತ್ತಿಸಿ ಗಂಡು ಇರುವ ಕಡೆಗೇ ಕರೆದೊಯ್ಯಬೇಕು. ಎರಡು ವಾರದ ಹೊತ್ತಿಗೆ ಸ್ಕ್ಯಾನ್ ಮಾಡಿಸಲೇಬೇಕು. ಅವಳಿ ಇದ್ದರೆ ಆಗಲೇ ಒಂದನ್ನು ತೆಗೆಸದಿದ್ದರೆ ಸಾಮಾನ್ಯವಾಗಿ ಎರಡೂ ಉಳಿಯುವುದಿಲ್ಲ.

ಜನವರಿಯಿಂದ ನನ್ನ ಹಾಸಿಗೆ ಲಾಯದ ಪಕ್ಕದ ಕೋಣೆಗೆ ಹೋಗುತ್ತದೆ. ಕುದುರೆ ಈಯುವುದು ಹೆಚ್ಚಾಗಿ ರಾತ್ರಿ, ಅದೂ ಜನ ದೂರವಾದಾಗ. ಕೆಚ್ಚಲು ಇಳಿಯುತ್ತದೆ, ಬಾಲದ ಬುಡ ಸಡಿಲವಾಗುತ್ತದೆ, ಮೊಲೆತೊಟ್ಟಿನ ತುದಿಯಲ್ಲಿ ಹಳದಿ ಮೇಣದ ಹನಿ ಕಟ್ಟುತ್ತದೆ. ನೀರು ಒಡೆದ ಮೇಲೆ ಅರ್ಧ ಗಂಟೆಯೊಳಗೆ ಮರಿ ಹೊರಬರಬೇಕು. ಮೊದಲು ಕಾಣಬೇಕಾದದ್ದು ಬೆಳ್ಳಗಿನ ಪೊರೆ, ಅದರೊಳಗೆ ಒಂದರ ಹಿಂದೆ ಒಂದು ಮುಂಗಾಲು, ಮೇಲೆ ಮೂತಿ. ಅದರ ಬದಲು ಕಡುಗೆಂಪು, ಮಖಮಲ್ಲಿನಂಥ ಚೀಲ ಕಂಡರೆ ಮಾಸು ಒಳಗೇ ಬಿಟ್ಟುಕೊಂಡಿದೆ, ಮರಿಗೆ ಉಸಿರು ತಲುಪುತ್ತಿಲ್ಲ. ಡಾಕ್ಟರು ಬರುವವರೆಗೆ ಕಾಯುವಂತಿಲ್ಲ. ಆ ಕ್ಷಣವೇ ಕತ್ತರಿಯಿಂದ ಚೀಲ ಸೀಳಿ ಮರಿಯನ್ನು ಎಳೆಯಬೇಕು. ಕತ್ತರಿ ಬಾಗಿಲ ಮೊಳೆಗೇ ತೂಗಿರುತ್ತದೆ, ಅದನ್ನು ಬೇರೆ ಯಾವ ಕೆಲಸಕ್ಕೂ ಯಾರೂ ಮುಟ್ಟುವಂತಿಲ್ಲ.

ಎಲ್ಲ ಸರಿಯಾದಾಗ ನಾವು ಮಾಡಬೇಕಾದದ್ದು ಸುಮ್ಮನಿರುವುದು. ಹೊಕ್ಕುಳಬಳ್ಳಿ ತಾನಾಗಿ ಹರಿಯಲಿ, ಆಮೇಲೆ ಔಷಧಿ ಹಚ್ಚಿದರಾಯಿತು. ಒಂದು ಗಂಟೆಯಲ್ಲಿ ಮರಿ ನಿಲ್ಲಬೇಕು, ಎರಡು ಗಂಟೆಯಲ್ಲಿ ಹಾಲು ಕುಡಿಯಬೇಕು, ಮೂರು ಗಂಟೆಯಲ್ಲಿ ಮಾಸು ಬೀಳಬೇಕು. ನಾಲ್ಕೂ ಕಾಲು ನಾಲ್ಕು ದಿಕ್ಕಿಗೆ ಹೋಗಿ, ಬಿದ್ದು, ಮತ್ತೆ ಎದ್ದು, ತಾಯಿಯ ಮುಂಗಾಲಿನ ಸಂದಿನಲ್ಲಿ ಮೊಲೆ ಹುಡುಕುವ ಆ ಮರಿಯನ್ನು ನೋಡಿದಷ್ಟೂ ನನಗೆ ಸಾಕೆನಿಸಿಲ್ಲ. ಗಿಣ್ಣು ಹಾಲು ಮೊದಲ ಕೆಲವು ಗಂಟೆಗಳಲ್ಲೇ ಹೊಟ್ಟೆ ಸೇರಬೇಕು. ಹುಟ್ಟುವಾಗ ಮರಿಯ ರಕ್ತದಲ್ಲಿ ರೋಗ ತಡೆಯುವ ಶಕ್ತಿ ಇಲ್ಲವೆಂದೇ ಹೇಳಬೇಕು, ಎಲ್ಲ ಬರುವುದು ಆ ಹಾಲಿನಿಂದ. ಮರುದಿನ ರಕ್ತ ಪರೀಕ್ಷೆ ಮಾಡಿಸಿ ನೋಡುತ್ತೇವೆ.

ಮರಿಯ ಕಾಲು ಸ್ವಲ್ಪ ಸೊಟ್ಟಗಿದ್ದರೆ ಗೊರಸನ್ನು ಹದವಾಗಿ ಸವರಿ ತಿದ್ದಬಹುದು, ಆದರೆ ಕೆಳಗಿನ ಗಂಟಿನ ಬೆಳವಣಿಗೆ ಮೊದಲ ಕೆಲವು ತಿಂಗಳಲ್ಲೇ ಮುಗಿಯುತ್ತದೆ. ನಾಲ ಕಟ್ಟುವವರು ಹೇಳಿದ ವಾರಕ್ಕೆ ಬರದಿದ್ದರೆ ನಾನು ಸುಮ್ಮನಿರುವುದಿಲ್ಲ.

ಕಾಗದಪತ್ರವೂ ಬಹಳ. ಥರೋಬ್ರೆಡ್ ಕುದುರೆಗಳ ವಂಶದ ದಾಖಲೆ ಇಡುವ, ಪುಣೆಯಲ್ಲಿರುವ ಭಾರತೀಯ ಸ್ಟಡ್ ಬುಕ್ ಪ್ರಾಧಿಕಾರದಲ್ಲಿ ಪ್ರತಿ ಮರಿಯೂ ದಾಖಲಾಗಬೇಕು. ಡಿಎನ್‌ಎ ಪರೀಕ್ಷೆಯಿಂದ ತಂದೆ ತಾಯಿ ಖಚಿತವಾಗಬೇಕು, ಕತ್ತಿನಲ್ಲಿ ಮೈಕ್ರೋಚಿಪ್ ಇರಬೇಕು. ಮೈಮೇಲಿನ ಬಿಳಿ ಗುರುತು, ಸುಳಿಗಳನ್ನೂ ಚಿತ್ರದಲ್ಲಿ ಗುರುತಿಸುತ್ತಾರೆ. ಊರಿನ ಹಿರಿಯರು ಶುಭ ಅಶುಭಕ್ಕೆಂದು ನೋಡುವ ಅದೇ ಸುಳಿ ಇಲ್ಲಿ ಈ ಕುದುರೆ ಇದೇ ಎನ್ನುವುದಕ್ಕೆ ಸಾಕ್ಷಿ.

ಹಣದ ವಿಷಯ. 2026ರ ಫೆಬ್ರವರಿಯಲ್ಲಿ ಗಂಡಿಗೆ ಬಿಟ್ಟ ಕುದುರೆ 2027ರ ಜನವರಿಯಲ್ಲಿ ಈಯುತ್ತದೆ, ಆ ಮರಿ ಓಟಕ್ಕಿಳಿಯುವುದು 2029ರಲ್ಲಿ. ಮರಿ ಮಾರಾಟವಾಗುವವರೆಗೆ ಹಣ ಹೋಗುವುದೇ ಹೊರತು ಬರುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ರೇಸಿನ ಬಾಜಿಯ ಪೂರ್ತಿ ಮೊತ್ತದ ಮೇಲೆ ಶೇ 28 ಜಿಎಸ್‌ಟಿ ಬಂದು, 2025ರ ಸೆಪ್ಟೆಂಬರ್‌ನಲ್ಲಿ ಅದು ಶೇ 40ಕ್ಕೆ ಏರಿದ ಮೇಲೆ ಕೊಳ್ಳುವವರ ಕೈಯೂ ಬಿಗಿಯಾಗಿದೆ. ಒಳ್ಳೆಯ ಮರಿ ಮಾರಿದ ವರ್ಷದ ಹಣವನ್ನು ಮುಂದಿನ ಎರಡು ವರ್ಷದ ಮೇವಿಗೆಂದು ಎತ್ತಿಡುವವರು ಮಾತ್ರ ಉಳಿಯುತ್ತಾರೆ.

ನಿಮ್ಮ ಐದು ಎಕರೆಗೆ ಎರಡು, ಹೆಚ್ಚೆಂದರೆ ಮೂರು ತಾಯಿ ಕುದುರೆ ಸಾಕು. ಮರಿಗಳಿಗೂ ಓಡಲು ಬಯಲು ಬೇಕಲ್ಲ. ಇನ್ನೂ ಏನನ್ನೂ ಕೊಳ್ಳಬೇಡಿ. ಬರುವ ಜನವರಿಯಿಂದ ಮಾರ್ಚ್‌ವರೆಗೆ ಯಾವುದಾದರೂ ಫಾರ್ಮಿನಲ್ಲಿ ರಾತ್ರಿ ಪಾಳಿಗೆ ನಿಲ್ಲಿ. ಆಮೇಲೂ ಮನಸ್ಸಿದ್ದರೆ ಬೇಲಿಯಿಂದ ಶುರು ಮಾಡಿ. ಮರದ ಪಟ್ಟಿ ಅಥವಾ ಪೈಪಿನ ಬೇಲಿ ಇರಲಿ, ಮೂಲೆಗಳು ದುಂಡಗಿರಲಿ. ಈಗ ಮುಳ್ಳುತಂತಿ ಇದ್ದರೆ ಮೊದಲ ಮರಿ ಬರುವ ಮುಂಚೆ ಪೂರ್ತಿ ಕಿತ್ತುಹಾಕಿ. ಓಡುವ ಮರಿಗೆ ತಂತಿ ಕಾಣುವುದಿಲ್ಲ.