ಒಂದು ಡ್ರಮ್ಮು, ಹತ್ತು ಚೀಲ ದರಕು

"ಬೆಂಗಳೂರು ಬಿಟ್ಟು ಕಾರವಾರಕ್ಕೆ ಬಂದಿದ್ದೇನೆ. ಬಾಡಿಗೆ ಮನೆ, ಹಿಂದೆ ಸ್ವಲ್ಪ ಹಿತ್ತಿಲು, ಬಾವಿ, ಐದು ತೆಂಗಿನಮರ. ಗೋಬರ್ ಗ್ಯಾಸ್, ಜೇನು, ಮಳೆಕೊಯ್ಲು, ಕಾಂಪೋಸ್ಟ್, ಮನೆಯದೇ ಸಾಬೂನು, ಎಲ್ಲ ಕೈಯಾರೆ ಕಲಿಯಬೇಕು. ಎಲ್ಲಿಂದ ಶುರು ಮಾಡಲಿ? ಎರಡು ದಿನದ ಕಾರ್ಯಾಗಾರಕ್ಕೆ ದುಡ್ಡು ಕಟ್ಟಲಾ?" ಅಂತ ಕೇಳಿದ್ದೀರಿ.

ಸದ್ಯಕ್ಕೆ ಕಟ್ಟಬೇಡಿ. ನಾನು ಕಟ್ಟಿದ್ದೆ. ಎರಡು ದಿನ ಒಳ್ಳೆ ಊಟ ಹಾಕಿದರು, ನಮ್ಮ ಕೈಯಲ್ಲಿ ಒಂದು ಮೊಳದ ಮಣ್ಣಿನ ಗೋಡೆ ಕಟ್ಟಿಸಿದರು. ಫೋಟೋ ಚೆನ್ನಾಗಿ ಬಂತು. ವಾಪಸ್ ಬಂದರೆ ನನ್ನ ಬಾಡಿಗೆ ಮನೆಯಲ್ಲಿ ಗೋಡೆ ಎಲ್ಲಿ ಕಟ್ಟಲಿ ಹೇಳಿ? ಮನೆಯಲ್ಲಿ ಇದ್ದ ತೊಂದರೆ ಬೇರೆ. ಅಡುಗೆಮನೆಯ ಕಸ ನಾರುತ್ತಿತ್ತು, ಏಪ್ರಿಲ್ ಬಂತೆಂದರೆ ಬಾವಿ ನೀರು ಉಪ್ಪಾಗುತ್ತಿತ್ತು.

ಹಾಗಾಗಿ ಕಸದಿಂದ ಶುರು ಮಾಡಿ. ಅದು ದಿನಾ ಬರುತ್ತದೆ, ಪುಕ್ಕಟೆ ಬರುತ್ತದೆ, ಕೆಟ್ಟರೆ ಯಾರಿಗೂ ನಷ್ಟ ಇಲ್ಲ.

ನನ್ನ ಕಥೆ ಕೇಳಿ. ಹುಟ್ಟಿದ್ದು ಶಿರಸಿ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಗೊಬ್ಬರದ ಗುಂಡಿ ನೋಡಿಕೊಂಡೇ ಬೆಳೆದವನು. ಇದೇನು ಮಹಾ ಅಂದುಕೊಂಡು ಕಾರವಾರದಲ್ಲಿ ಇನ್ನೂರು ಲೀಟರಿನ ಪ್ಲಾಸ್ಟಿಕ್ ಡ್ರಮ್ ತಂದೆ. ತಂದದ್ದು ಜೂನ್‌ನಲ್ಲಿ. ತರಕಾರಿ ಸಿಪ್ಪೆ, ಹಳಸಿದ ಅನ್ನ, ಚಹಾಪುಡಿ ಎಲ್ಲ ಸುರಿದು ಮುಚ್ಚಳ ಬಿಗಿದೆ. ಆರಿದ್ರಾ ಮಳೆ ಹೊತ್ತಿಗೆ ಡ್ರಮ್ ತೆರೆದರೆ ಅರ್ಧಕ್ಕೆ ಕಪ್ಪು ನೀರು, ಮೇಲೆ ಬೆರಳುದ್ದದ ಹುಳಗಳ ಜಾತ್ರೆ. ಪಕ್ಕದ ಮನೆಯವರು ಎರಡು ದಿನ ಮಾತಾಡಿಸಲಿಲ್ಲ. ಆ ವಾರ ಆಯಿ, ಅಂದರೆ ನನ್ನ ತಾಯಿ, ಊರಿಂದ ಬಂದಿದ್ದಳು. ಕೋಲು ಹಾಕಿ ತಿರುವಿ ನೋಡಿ, "ಇದೆಂಥದಾ ತಮಾ, ಗೊಬ್ಬರನೋ ಗಂಜಿನೋ? ದರಕು ಎಲ್ಲಿದ್ದು?" ಅಂದಳು.

ದರಕು ಅಂದರೆ ಒಣಗಿ ಉದುರಿದ ಎಲೆ. ಊರಲ್ಲಿ ಬೇಸಿಗೆ ತುಂಬಾ ಬೆಟ್ಟದಿಂದ ಗುಡಿಸಿ ತಂದು ಒಟ್ಟಿ ಇಡುತ್ತಾರೆ, ಮಳೆಗಾಲದಲ್ಲಿ ಕೊಟ್ಟಿಗೆಗೆ ಹಾಸುತ್ತಾರೆ. ಅದು ಸೆಗಣಿ ಗಂಜಲ ಹೀರಿಕೊಂಡು ಗುಂಡಿಗೆ ಹೋಗುತ್ತದೆ. ಇಪ್ಪತ್ತು ವರ್ಷ ಕಣ್ಣೆದುರು ನೋಡಿದ್ದೆ, ಯಾಕೆ ಅಂತ ಒಮ್ಮೆಯೂ ಕೇಳಿರಲಿಲ್ಲ.

ಲೆಕ್ಕ ಸುಲಭ. ಒಂದು ಬುಟ್ಟಿ ಹಸಿಗೆ ಎರಡು ಬುಟ್ಟಿ ಒಣದ್ದು. ದರಕು ಸಿಗದಿದ್ದರೆ ತೆಂಗಿನ ನಾರಿನ ಪುಡಿ, ಬಡಗಿ ಅಂಗಡಿಯ ಮರದ ಪುಡಿ, ಹರಿದ ರಟ್ಟು ಆಗುತ್ತದೆ. ಡ್ರಮ್ಮಿನ ತಳಕ್ಕೂ ಸುತ್ತಲೂ ತೂತು ಬೇಕು, ಎರಡು ಕಲ್ಲಿನ ಮೇಲೆ ಎತ್ತಿ ಇಡಬೇಕು, ಮೇಲೆ ಮಳೆ ಬೀಳಬಾರದು. ಗಾಳಿ ಇಲ್ಲದೆ ನೀರು ನಿಂತರೆ ಕೊಳೆಯುವ ಬಗೆಯೇ ಬೇರೆ, ಆ ನಾತ ಬರುವುದು ಅದರಿಂದಲೇ. ಪರೀಕ್ಷೆ ಕೈಯಲ್ಲೇ ಇದೆ: ಒಂದು ಹಿಡಿ ತೆಗೆದು ಗಟ್ಟಿ ಹಿಂಡಿ. ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಂಡರೆ ಸರಿ. ನೀರು ಸುರಿದರೆ ದರಕು ಸೇರಿಸಿ, ಮುಷ್ಟಿ ಬಿಟ್ಟ ಕೂಡಲೇ ಪುಡಿಪುಡಿ ಉದುರಿದರೆ ನೀರು ಚಿಮುಕಿಸಿ. ನಾಲ್ಕು ಸಲ ತಪ್ಪು ಮಾಡಿದ ಮೇಲೆ ಈಗ ಮುಚ್ಚಳ ತೆಗೆದ ಕೂಡಲೇ ವಾಸನೆಯಲ್ಲೇ ಗೊತ್ತಾಗುತ್ತದೆ.

ಹುಳ ಕಂಡರೆ ಹೆದರಬೇಡಿ, ಅವೂ ಕಸ ತಿನ್ನುವವೇ. ಆದರೆ ಮೀನಿನ ತ್ಯಾಜ್ಯ ಡ್ರಮ್ಮಿಗೆ ಹಾಕಬೇಡಿ. ಕಾರವಾರದ ಬೆಕ್ಕುಗಳು ಮುಚ್ಚಳ ತೆಗೆಯುವುದರಲ್ಲಿ ನಿಮಗಿಂತ ಜಾಣ. ತೆಂಗಿನ ಬುಡದಿಂದ ಸ್ವಲ್ಪ ದೂರ ಆಳವಾಗಿ ಗುಂಡಿ ತೆಗೆದು ಹೂಳಿಬಿಡಿ, ಮರಕ್ಕೂ ಒಳ್ಳೇದು.

ಎರಡನೆಯದು ನೀರು. ಒಂದು ಚದರ ಮೀಟರ್ ಮಾಡಿನ, ಅಂದರೆ ಛಾವಣಿಯ, ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ನಮ್ಮ ಕರಾವಳಿಯಲ್ಲಿ ವರ್ಷಕ್ಕೆ 3000 ಮಿ.ಮೀ. ಆಸುಪಾಸು ಮಳೆ. ನಿಮ್ಮ ಮಾಡು 100 ಚದರ ಮೀಟರ್ ಇದ್ದರೆ ಮೂರು ಲಕ್ಷ ಲೀಟರ್! ಈ ಲೆಕ್ಕ ಹಾಕಿ ನಾನು ಖುಷಿಯಲ್ಲಿ ಸಾವಿರ ಲೀಟರಿನ ಟ್ಯಾಂಕ್ ತಂದೆ. ಅದು ತುಂಬಲು 10 ಮಿ.ಮೀ. ಸಾಕು. ಜುಲೈನಲ್ಲಿ ಸ್ನಾನ ಮುಗಿಸುವಷ್ಟರಲ್ಲಿ ತುಂಬಿ ಹರಿಯಿತು. ಆಗ ಬಾವಿಯೂ ಕೈಗೆಟುಕುವಷ್ಟು ತುಂಬಿರುತ್ತದೆ, ಟ್ಯಾಂಕಿನ ನೀರು ಯಾರಿಗೆ ಬೇಕು? ಅದು ನಿಜವಾಗಿ ಉಪಯೋಗಕ್ಕೆ ಬರುವುದು ಅಕ್ಟೋಬರ್‌ನ ಗುಡುಗು ಮಳೆಗೆ. ಬಟ್ಟೆ ಒಗೆಯಲು ಆ ನೀರಿನಷ್ಟು ಚೆನ್ನಾಗಿ ನೊರೆ ಬರುವ ನೀರು ಇನ್ನೊಂದಿಲ್ಲ. ಮೊದಲ ಎರಡು ಮಳೆಯ ನೀರು ಹೊರಗೆ ಬಿಡಿ. ಮಾಡಿನ ಧೂಳು, ಕಾಗೆ ಹಿಕ್ಕೆ ಎಲ್ಲ ಅದರಲ್ಲೇ ಬರುತ್ತದೆ.

ಪೈಪಿಗೆ ದುಡ್ಡು ಸುರಿಯುವ ಮೊದಲು ಅಡಿಕೆ ದಂಬೆ ಪ್ರಯತ್ನಿಸಿ. ಮುದಿ ಅಡಿಕೆ ಮರ ಸೀಳಿ ಒಳಗಿನ ತಿರುಳು ಕೆತ್ತಿದರೆ ಉದ್ದ ದೋಣಿ ಆಗುತ್ತದೆ. ಶಿರಸಿ ಕಡೆ ಗುಡ್ಡದ ನೀರು ಅಂಗಳಕ್ಕೆ ಬರುತ್ತಿದ್ದದ್ದು ಇದರಲ್ಲೇ. ಒಂದು ದಂಬೆ ಕೆತ್ತಿದರೆ ಕತ್ತಿ ಹಿಡಿಯುವುದು ತಾನಾಗಿ ಬರುತ್ತದೆ. ಹೆಬ್ಬೆರಳು ಮಾತ್ರ ಜೋಪಾನ.

ಇಂಗುಗುಂಡಿ ಎಲ್ಲರೂ ಹೇಳುತ್ತಾರೆ. ಸಪಾಟು ಹಿತ್ತಿಲಾದರೆ ತೋಡಿ. ಮನೆ ಹಿಂದೆ ಕಡಿದಾದ ಧರೆ (ಗುಡ್ಡ ಕಡಿದ ಮಣ್ಣಿನ ಗೋಡೆ) ಇದ್ದರೆ ಅದರ ಮೇಲೆ ನೀರು ಇಂಗಿಸಲು ಹೋಗಲೇಬೇಡಿ. 2021ರಲ್ಲಿ ಯಲ್ಲಾಪುರದ ಕಳಚೆ, 2024ರ ಜುಲೈನಲ್ಲಿ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿದದ್ದು ನೋಡಿದ್ದೇವಲ್ಲ. ನೀರು ಕುಡಿದ ಮಣ್ಣು ಜಾರುತ್ತದೆ. ಅಲ್ಲಿ ನೀರನ್ನು ಚರಂಡಿ ಮಾಡಿ ಹೊರಗೆ ಕಳಿಸುವುದೇ ಕೆಲಸ.

ಸಾಬೂನಿನ ಬದಲು ಅಂಟುವಾಳ. ಬೀಜ ತೆಗೆದು ಹತ್ತು ಹನ್ನೆರಡು ಕಾಯಿಯ ಸಿಪ್ಪೆ ರಾತ್ರಿ ಒಂದು ಲೀಟರ್ ನೀರಲ್ಲಿ ನೆನೆಸಿ, ಬೆಳಿಗ್ಗೆ ಕುದಿಸಿ ಕಿವುಚಿ ಸೋಸಿ. ಪಾತ್ರೆಗೂ ರೇಷ್ಮೆ ಸೀರೆಗೂ ಆಗುತ್ತದೆ. ಎಣ್ಣೆ ಜಿಡ್ಡಿಗೆ ಬೂದಿಯೂ ಬೇಕು. ಅಂಟುವಾಳದ ನೀರು ಕಣ್ಣಿಗೆ ಹಾರಿದರೆ ಉರಿ ತಡೆಯಲಾಗದು. ಜಾಸ್ತಿ ಮಾಡಿಡಬೇಡಿ, ಮೂರು ನಾಲ್ಕು ದಿನಕ್ಕೆ ಹಳಸುತ್ತದೆ.

ಗೋಬರ್ ಗ್ಯಾಸ್ ಆಸೆ ಬಿಡಿ. ಎರಡು ಘನ ಮೀಟರಿನ ಘಟಕಕ್ಕೆ ದಿನಾ 50 ಕಿಲೋ ಸೆಗಣಿ ಬೇಕು. ನಾಲ್ಕೈದು ದೊಡ್ಡ ದನ ಇರಬೇಕು, ಮಲೆನಾಡು ಗಿಡ್ಡ ಆದರೆ ಇನ್ನೂ ಜಾಸ್ತಿ. ಐದು ತೆಂಗಿನಮರಕ್ಕೆ ಕಟ್ಟಿ ಸಾಕುತ್ತೀರಾ?

ಜೇನು ಮುಂದಿನ ವರ್ಷಕ್ಕಿರಲಿ. ಮಳೆಗಾಲದಲ್ಲಿ ತುಡುವೆ ಜೇನಿನ ಪೆಟ್ಟಿಗೆಗೆ ಸಕ್ಕರೆ ಪಾಕ ಇಡದಿದ್ದರೆ ಹುಳ ಗೂಡು ಬಿಟ್ಟೇ ಹೋಗುತ್ತವೆ. ಅದನ್ನು ವರ್ಷವಿಡೀ ಸಾಕುವವರ ಪಕ್ಕ ನಿಂತು ನೋಡಬೇಕು. ಶಿರಸಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ಒಮ್ಮೆ ವಿಚಾರಿಸಿ.

ಫೆಬ್ರವರಿ ಬಂತೆಂದರೆ ಎಲೆ ಉದುರುವ ಕಾಲ. ಹತ್ತು ಚೀಲ ದರಕು ತುಂಬಿ ಒಣ ಜಾಗದಲ್ಲಿಡಿ, ಜೂನ್‌ನಲ್ಲಿ ಹುಡುಕಿದರೆ ಒಂದು ಒಣ ಎಲೆ ಸಿಗುವುದಿಲ್ಲ. ಹಳೇ ಡ್ರಮ್ ತಂದರೆ ಮೊದಲು ಅದರಲ್ಲಿ ಏನಿತ್ತು ಅಂತ ಕೇಳಿ, ಕೀಟನಾಶಕದಂಥ ಔಷಧಿ ಇದ್ದದ್ದಾದರೆ ಬೇಡ. ತೂತು ಕೊರೆಯುವಾಗ ಒಳಗಿನಿಂದ ಒಂದು ಮರದ ತುಂಡು ಒತ್ತಿ ಹಿಡಿಯಿರಿ, ಇಲ್ಲದಿದ್ದರೆ ಪ್ಲಾಸ್ಟಿಕ್ ಬಿರಿಯುತ್ತದೆ. ನನ್ನ ಮೊದಲ ಡ್ರಮ್ ಬಿರಿದು ಈಗ ಬಸಳೆ ಚಪ್ಪರದ ಬುಡದಲ್ಲಿದೆ.