ಬಾಗಿಲು ಹಾಕಿಕೊಂಡು ಉಣ್ಣುತ್ತಾರೆ

ಪ್ರಶ್ನೆ: ಗದಗ ಜಿಲ್ಲೆಯ ಹಳ್ಳಿಯಲ್ಲಿ ನಮ್ಮದು ಕಿರಾಣಿ ಅಂಗಡಿ. ಯಜಮಾನರಿಗೆ 52 ವರ್ಷ. ಗುಟ್ಕಾ ತಿಂದು ಬಾಯಿ ಕ್ಯಾನ್ಸರ್ ಆಗಿ ಎಂಟು ತಿಂಗಳ ಹಿಂದೆ ಬಲಗೆನ್ನೆ, ದವಡೆಯ ಒಂದು ಭಾಗ ತೆಗೆದರು. ಆಮೇಲೆ ರೇಡಿಯೇಷನ್ ಆಯಿತು. ಈಗ ರೋಗದ ಸುಳಿವಿಲ್ಲ ಎಂದಿದ್ದಾರೆ ವೈದ್ಯರು. ಆದರೆ ಇವರು ಕೋಣೆಯ ಬಾಗಿಲು ಹಾಕಿಕೊಂಡು ಒಬ್ಬರೇ ಉಣ್ಣುತ್ತಾರೆ. ಅಂಗಡಿಯನ್ನು ಮಗ ನೋಡಿಕೊಳ್ಳುತ್ತಾನೆ, ಇವರು ಅತ್ತ ಸುಳಿಯುವುದಿಲ್ಲ. ‘ಜೀವ ಉಳಿಯಿತಲ್ಲ’ ಎಂದರೆ ಎದ್ದು ಹೋಗುತ್ತಾರೆ. ‘ನಾನೇ ತಂದುಕೊಂಡದ್ದು’ ಎನ್ನುತ್ತಾರೆ. ಗುಟ್ಕಾ ಬಿಡಿ ಎಂದು ಇಪ್ಪತ್ತು ವರ್ಷ ಬೇಡಿಕೊಂಡವಳು ನಾನು. ಏನು ಮಾಡಲಿ?

ಉತ್ತರ: ‘ಜೀವ ಉಳಿಯಿತಲ್ಲ’ ಎಂಬ ಮಾತನ್ನು ಮನೆಯಲ್ಲಿ ಇನ್ನು ಯಾರೂ ಆಡದಿರಲಿ ತಾಯಿ. ನೀವು ಸಮಾಧಾನಕ್ಕೆ ಹೇಳುತ್ತೀರಿ. ‘ಇನ್ನು ನೀನು ಅಳಬಾರದು’ ಎಂದಂತೆ ಅದು ಅವರಿಗೆ ಕೇಳಿಸುತ್ತದೆ. ಜೋಳದ ರೊಟ್ಟಿ ಉಂಡು ಬೆಳೆದವರು ಇನ್ನು ಅದನ್ನು ಅಗಿಯಲಾರರು. ಕನ್ನಡಿಯಲ್ಲಿ ಬೇರೆಯೇ ಮುಖ. ಗಿರಾಕಿಗಳೊಂದಿಗೆ ಹರಟಿ ವ್ಯಾಪಾರ ಮಾಡಿದ ಬಾಯಿಗೆ ಈಗ ಮಾತು ತೊಡಕುತ್ತದೆ. ಇಷ್ಟು ಕಳೆದುಕೊಂಡವರು ದುಃಖಪಡದೆ ಇರುತ್ತಾರೆಯೇ?

ಬಾಗಿಲು ಹಾಕಿಕೊಳ್ಳುವುದು ಮುನಿಸಿನಿಂದಲ್ಲ, ನಾಚಿಕೆಯಿಂದ ಎಂದು ನನಗನ್ನಿಸುತ್ತದೆ. ಇಂಥ ಶಸ್ತ್ರಚಿಕಿತ್ಸೆಯ ನಂತರ ಎಷ್ಟೋ ಜನರಿಗೆ ತುಟಿಯ ಸ್ಪರ್ಶ ಮಂದವಾಗಿ, ಅನ್ನ ಜಾರಿದ್ದೂ ಜೊಲ್ಲು ಇಳಿದದ್ದೂ ತಿಳಿಯುವುದಿಲ್ಲ. ಎದುರು ಕೂತವರ ಕಣ್ಣು ನೋಡಿ ತಿಳಿಯಬೇಕಾಗುತ್ತದೆ. ಒಂದು ರಾತ್ರಿ ಎಲ್ಲರಿಗೂ ನುಚ್ಚು ಮಜ್ಜಿಗೆಯನ್ನೇ ಮಾಡಿ. ಅವರನ್ನು ಹೊರಗೆ ಕರೆಯಬೇಡಿ. ಅವರ ಒಪ್ಪಿಗೆ ಕೇಳಿ ನಿಮ್ಮ ತಟ್ಟೆಯನ್ನೂ ಒಳಗೆ ಒಯ್ಯಿರಿ. ಕರವಸ್ತ್ರವನ್ನು ಮೊದಲೇ ಅವರ ಪಕ್ಕದಲ್ಲಿಡಿ, ಒರೆಸಲು ಕೈ ಚಾಚಬೇಡಿ. ಮಕ್ಕಳು, ನೆಂಟರು ಎಲ್ಲ ಆಮೇಲೆ.

ಬಾಯಿ ತೆರೆಯುವ ವ್ಯಾಯಾಮವನ್ನು ನಿಲ್ಲಿಸಿದ್ದಾರೆಯೇ ನೋಡಿ. ಐಸ್‌ಕ್ರೀಮ್ ಕಡ್ಡಿಗಳನ್ನು ಜೋಡಿಸಿ ಹಲ್ಲಿನ ನಡುವೆ ಇಡುವುದನ್ನು ಆಸ್ಪತ್ರೆಯಲ್ಲಿ ಹೇಳಿಕೊಟ್ಟಿರಬಹುದು. ನೋವೆಂದು ಬಿಟ್ಟರೆ ಬಾಯಿ ಇನ್ನೂ ಬಿಗಿಯುತ್ತದೆ. ಮಾತಿಗೆ ವಾಕ್ ಚಿಕಿತ್ಸಕರಿದ್ದಾರೆ, ವೈದ್ಯರನ್ನು ಕೇಳಿ. ಕುತ್ತಿಗೆಗೂ ರೇಡಿಯೇಷನ್ ಆಗಿದ್ದರೆ ಥೈರಾಯ್ಡ್ ಪರೀಕ್ಷೆ ಮಾಡಿಸಲೇಬೇಕು. ಅದು ಕುಗ್ಗಿದರೂ ಆಯಾಸ, ಮಂಕು ಕವಿಯುತ್ತವೆ. ಅದಕ್ಕೆ ಮಾತ್ರೆ ಇದೆ. ಸಾಯುವ ಮಾತಾಡಿದರೆ, ಎರಡು ವಾರ ನಿದ್ದೆ ಊಟ ಕೆಟ್ಟರೆ ಮನೋವೈದ್ಯರಲ್ಲಿಗೆ ಕರೆದೊಯ್ಯಿರಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ಹಣ ಕೊಡಬೇಕಿಲ್ಲ. ನೀವೂ ಮಾಡಿ.

ನಿಮ್ಮ ಕೊನೆಯ ಸಾಲಿನಲ್ಲಿ ಸಿಟ್ಟಿದೆ. ಇಪ್ಪತ್ತು ವರ್ಷ ಬೇಡಿಕೊಂಡವರಿಗೆ ಅದು ಸಹಜ. ಅಕ್ಕನೋ ಗೆಳತಿಯೋ ಇದ್ದರೆ ಅವರ ಮುಂದೆ ಅತ್ತು ಹಗುರಾಗಿ. ಯಜಮಾನರ ಮುಂದೆ ಮಾತ್ರ ‘ಆಗಲೇ ಹೇಳಿದ್ದೆ’ ಎನ್ನಬೇಡಿ. ಆ ಮಾತನ್ನು ಅವರು ತಮಗೆ ತಾವೇ ದಿನವೂ ಹೇಳಿಕೊಳ್ಳುತ್ತಿದ್ದಾರೆ. ತಪ್ಪು ಅವರೊಬ್ಬರದೇ ಅಲ್ಲ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾದ ಮೇಲೂ ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿಯಾಗಿ ಅಂಗಡಿಗಳಲ್ಲಿ ತೂಗುತ್ತಲೇ ಬಂದಿವೆ. ನಿಮ್ಮ ಅಂಗಡಿಯಲ್ಲೂ ಆ ಸರಗಳಿದ್ದರೆ ಇಂದೇ ಇಳಿಸಲು ಮಗನಿಗೆ ಹೇಳಿ. ಯಜಮಾನರು ಗಲ್ಲಾದ ಮುಂದೆ ಮತ್ತೆ ಬಂದು ಕೂರುವ ದಿನ ಅವು ಅವರ ಕಣ್ಣೆದುರು ನೇತಾಡುತ್ತಿರಬಾರದು.